ಸ್ವೀಡಿಷ್ ಕಲಿಯೋಕೆ ಎಸ್‌ಎಫ್‌ಐ ತರಗತಿಯೋ, ಡ್ಯುಯೊಲಿಂಗೊನೋ?

ಸ್ವೀಡನ್‌ನಲ್ಲಿ ನೆಲೆಸಿದ್ದೀರಾ? ಹಾಗಾದ್ರೆ ಎಸ್‌ಎಫ್‌ಐಗೆ (ಸ್ವೆನ್ಸ್ಕಾ ಫೋರ್ ಇನ್ವಾಂಡ್ರಾರೆ, ಅಂದ್ರೆ ವಲಸಿಗರಿಗೆ ಸ್ವೀಡಿಷ್) ಸೇರಿ. ಸ್ಥಳೀಯ ಆಡಳಿತವೇ ವಲಸೆ ಬಂದವರಿಗಾಗಿ ನಡೆಸುವ ತರಗತಿ. ಫೀಸಿಲ್ಲ, ಎ ಇಂದ ಡಿ ವರೆಗೆ 4 ಹಂತ. ಇನ್ನೂ ಬೆಂಗಳೂರಲ್ಲೇ ಇದ್ದರೆ ಶುರು ಮಾಡೋಕೆ ಭಾಷೆ ಕಲಿಸುವ ಆ್ಯಪ್ ಡ್ಯುಯೊಲಿಂಗೊ ಸಾಕು.

ದಿನಬಳಕೆಯ ಪದಗಳಿಗೆ ಆ್ಯಪ್ ಒಳ್ಳೆಯದೇ. ವ್ಯಾಕರಣಕ್ಕೆ ನನ್ನ ಓಟು ತರಗತಿಗೆ. ‘ಯಾಗ್ ಡ್ರಿಕ್ಕರ್ ಕಫ್ಫೆ’ ಅಂದರೆ ನಾನು ಕಾಫಿ ಕುಡಿಯುತ್ತೇನೆ. ಮೊದಲಿಗೆ ‘ಇವತ್ತು’ ಸೇರಿಸಿದರೆ ‘ಇ ದಾಗ್ ಡ್ರಿಕ್ಕರ್ ಯಾಗ್ ಕಫ್ಫೆ’ ಆಗುತ್ತದೆ. ಇಂಥ ಸರಳ ಹೇಳಿಕೆಗಳಲ್ಲಿ ಕ್ರಿಯಾಪದ ಎರಡನೇ ಜಾಗ ಬಿಟ್ಟು ಕದಲಲ್ಲ! ಇದನ್ನು ಎದುರಿಗೆ ಕೂತು ಬಿಡಿಸಿ ಹೇಳುವವರು ಬೇಕು.

ಫೀಕಾಗೆ, ಅಂದ್ರೆ ಸ್ವೀಡನ್ನಿನವರ ಕಾಫಿ ವಿರಾಮಕ್ಕೆ, ಕೂತಾಗ ಹರಟೋದನ್ನಂತೂ ಆ್ಯಪ್ ಕಲಿಸಲ್ಲ. ತರಗತಿಗೆ ಹೋಗೋಕೆ ಆಗದಿದ್ದರೆ ಲೈಬ್ರರಿಗಳಲ್ಲಿ ನಡೆಯುವ ಭಾಷಾ ಕೆಫೆಗೆ (ಒಟ್ಟಿಗೆ ಕೂತು ಸ್ವೀಡಿಷ್ ಮಾತಾಡಿ ಅಭ್ಯಾಸ ಮಾಡುವ ಕೂಟ) ಹೋಗಿ, ಅದೂ ಬಿಟ್ಟಿ.