‘ಎದೆಬಡಿತ ಇದೆ, ಕಾಯೋಣ’ ಅಂದ ಕ್ಷಣದಿಂದ ಗಡಿಯಾರ ನೋಡಿ

ಅಮೆರಿಕದಲ್ಲಿ, ಅದರಲ್ಲೂ ಟೆಕ್ಸಾಸ್, ಜಾರ್ಜಿಯಾ, ಟೆನ್ನೆಸ್ಸಿ, ಫ್ಲಾರಿಡಾ ಕಡೆ ಇರುವ ಕನ್ನಡದ ಮನೆಗಳಿಗೆ ಈ ಎಚ್ಚರಿಕೆ. ಬಸಿರು ಬೇಡ ಅನ್ನುವವರಿಗಷ್ಟೇ ಅಲ್ಲ, ಮಗು ಬೇಕೇ ಬೇಕು ಅಂತ ವರ್ಷಗಟ್ಟಲೆ ಕಾದವರಿಗೂ. ‘ಗರ್ಭಪಾತದ ಕಾನೂನು ಕಟ್ಟಿಕೊಂಡು ನಮಗೇನಾಗಬೇಕು, ನಾವೇನು ತೆಗೆಸಿಕೊಳ್ಳೋಕೆ ಹೋಗ್ತೀವಾ’ ಅನ್ನುವವರು ಬೇಕಾದಷ್ಟು ಜನ. ಆ ಕಾನೂನಿಗೆ ಸಿಕ್ಕಿ ನರಳಿದವರಲ್ಲಿ ಮಗು ಬೇಕೆಂದವರೂ ಕಡಿಮೆಯಿಲ್ಲ.

ಸವಿತಾ ಹಾಲಪ್ಪನವರ ಹೆಸರು ನೆನಪಿರಬಹುದು. ಬೆಳಗಾವಿಯ ಹೆಣ್ಣುಮಗಳು, ದಂತವೈದ್ಯೆ, 31 ವರ್ಷ. 2012ರ ಅಕ್ಟೋಬರ್ 21ರಂದು ಐರ್ಲೆಂಡಿನ ಗಾಲ್ವೇಯಲ್ಲಿ, 17 ವಾರದ ಬಸುರಿಯಾಗಿದ್ದಾಗ, ಬೆನ್ನುನೋವೆಂದು ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲ ಅಂತ ಆವತ್ತೇ ಗೊತ್ತಾಯಿತು. ಮಧ್ಯರಾತ್ರಿ ದಾಟಿದ ಮೇಲೆ ನೀರು ಒಡೆಯಿತು. ತೆಗೆದುಬಿಡಿ ಎಂದು ಕೇಳಿದರು. ಭ್ರೂಣದ ಎದೆಬಡಿತ ಇರುವ ತನಕ ಆಗುವುದಿಲ್ಲ ಅಂದರು. 24ರ ಬೆಳಗಿನ ಜಾವ ಜ್ವರ ಬಂತು, ನಾಡಿ ಓಡತೊಡಗಿತು. ಮಧ್ಯಾಹ್ನ ಗರ್ಭ ತಾನಾಗಿಯೇ ಹೊರಬಂತು, ಅಷ್ಟರಲ್ಲಿ ನಂಜು ರಕ್ತಕ್ಕೆ ಏರಿತ್ತು. 28ರಂದು ತೀರಿಕೊಂಡರು. ಬಿಳಿ ರಕ್ತಕಣ ಏರಿದ್ದನ್ನು ತೋರಿಸಿದ ಮೊದಲ ದಿನದ ರಕ್ತಪರೀಕ್ಷೆಯ ವರದಿಯನ್ನು ಯಾರೂ ಹಿಂಬಾಲಿಸಿರಲಿಲ್ಲ, ನೀರು ಒಡೆದ ಮೇಲೆ ನಾಲ್ಕು ಗಂಟೆಗೊಮ್ಮೆ ಆಗಬೇಕಿದ್ದ ತಪಾಸಣೆ ಆಗಿರಲಿಲ್ಲ. ಕೈತಪ್ಪಿದ ಅವಕಾಶಗಳನ್ನು ತನಿಖಾ ವರದಿ ಲೆಕ್ಕ ಹಾಕಿದಾಗ 13 ಸಿಕ್ಕವು. 2018ರ ಮೇ 25ರಂದು ಐರ್ಲೆಂಡಿನ ಜನ ಶೇ. 66.4 ಮತ ಹಾಕಿ, ಗರ್ಭಪಾತಕ್ಕೆ ಅಡ್ಡ ನಿಂತಿದ್ದ ಸಂವಿಧಾನದ ಎಂಟನೇ ತಿದ್ದುಪಡಿಯನ್ನು ಕಿತ್ತು ಹಾಕಿದರು.

ಅದಾಗಿ ನಾಲ್ಕು ವರ್ಷಕ್ಕೆ ಅಮೆರಿಕ ಉಲ್ಟಾ ಹೊರಟಿತು. 1973ರಿಂದ ಇದ್ದ ಗರ್ಭಪಾತದ ಹಕ್ಕನ್ನು ಸುಪ್ರೀಂ ಕೋರ್ಟ್ 2022ರ ಜೂನ್ 24ರಂದು ತೆಗೆದುಹಾಕಿತು. ಹನ್ನೆರಡು–ಹದಿಮೂರು ರಾಜ್ಯಗಳಲ್ಲಿ ಹೆಚ್ಚುಕಡಿಮೆ ಪೂರ್ತಿ ನಿಷೇಧ ಬಂತು. ಜಾರ್ಜಿಯಾ, ಫ್ಲಾರಿಡಾ, ದಕ್ಷಿಣ ಕೆರೊಲಿನಾ, ಅಯೋವಾದಲ್ಲಿ ಆರು ವಾರಕ್ಕೆ ಬಾಗಿಲು ಹಾಕುತ್ತಾರೆ. ಆರು ವಾರ ಅಂದರೆ ಕೂಡಿದ ದಿನದಿಂದ ಅಲ್ಲ, ಕೊನೆಯ ಮುಟ್ಟಿನ ಮೊದಲ ದಿನದಿಂದ. 28 ದಿನಕ್ಕೆ ಸರಿಯಾಗಿ ಮುಟ್ಟಾಗುವವರಿಗೂ, ಈ ತಿಂಗಳು ಆಗಲಿಲ್ಲವಲ್ಲ ಅಂತ ಗೊತ್ತಾಗುವ ಹೊತ್ತಿಗೆ ಉಳಿಯುವುದು ಎರಡೇ ವಾರ. ಪಿಸಿಒಡಿ ಇದ್ದು ಮುಟ್ಟು ಹಿಂದೆ ಮುಂದೆ ಆಗುವವರಿಗೆ ಆ ಎರಡು ವಾರವೂ ಇಲ್ಲ.

ಈಗ ನಿಜವಾದ ಅಪಾಯ ಎಲ್ಲಿದೆ ನೋಡಿ. ಗರ್ಭದ ಚೀಲ ಗಟ್ಟಿಯಾಗಿರುವ ತನಕ ಯೋನಿಯ ಬ್ಯಾಕ್ಟೀರಿಯಾ ಕೆಳಗೇ ಇರುತ್ತವೆ. 16, 17, 18 ವಾರಕ್ಕೆ ಚೀಲ ಒಡೆದು ನೀರು ಹೋಯಿತೆಂದರೆ ಒಳಗೆ ಹೋಗಲು ದಾರಿ ತೆರೆದಂತೆ. ಅಷ್ಟು ಬೇಗ ಹುಟ್ಟಿದ ಮಗು ಬದುಕುವುದಿಲ್ಲ, ಶ್ವಾಸಕೋಶವೇ ಆಗಿರುವುದಿಲ್ಲ. ಆದರೂ ಅದರ ಎದೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಬಡಿಯುತ್ತಲೇ ಇರುತ್ತದೆ. ಸ್ಕ್ಯಾನಿನಲ್ಲಿ ಮಿಣಮಿಣ ಅನ್ನುವ ಆ ಬಡಿತ ತಾಯಿಯ ಆರೋಗ್ಯದ ಬಗ್ಗೆ ಏನನ್ನೂ ಹೇಳುವುದಿಲ್ಲ. ವೈದ್ಯರ ಸಂಘದ ಮಾರ್ಗಸೂಚಿ ಇಂಥಲ್ಲಿ ಎರಡು ದಾರಿಯನ್ನೂ ಮುಂದಿಡಬೇಕು ಅನ್ನುತ್ತದೆ: ಕಾಯುವುದು, ಇಲ್ಲವೇ ಆಗಲೇ ಗರ್ಭ ಖಾಲಿ ಮಾಡುವುದು. ಕಾಯುತ್ತೇನೆ ಅನ್ನುವ ತಾಯಂದಿರು ಇದ್ದಾರೆ, ಅದು ಅವರಿಷ್ಟ. ತಕರಾರು ಕಾಯುವುದರ ಮೇಲಲ್ಲ. ಅವಳ ಬದಲು ಆಸ್ಪತ್ರೆಯ ವಕೀಲ ಆರಿಸುತ್ತಾನಲ್ಲ, ಅದರ ಮೇಲೆ.

ಎದೆಬಡಿತ ಕಂಡರೆ ಗರ್ಭಪಾತ ಮಾಡುವಂತಿಲ್ಲ ಎನ್ನುವ ಟೆಕ್ಸಾಸಿನ 2021ರ ಕಾನೂನು ಬಂದ ಮೇಲೆ ಡಲ್ಲಾಸಿನ ಎರಡು ಆಸ್ಪತ್ರೆಗಳ ವೈದ್ಯರು ಇಂಥ 28 ಬಸುರಿಯರ ಲೆಕ್ಕ ಇಟ್ಟರು. ‘ಪ್ರಾಣಕ್ಕೆ ಅಪಾಯ’ ಅನ್ನಿಸಿಕೊಳ್ಳಲು ಅವರು ಸರಾಸರಿ 9 ದಿನ ಕಾದಿದ್ದರು. ಶೇ. 57 ಮಂದಿಗೆ ಗಂಭೀರ ತೊಂದರೆಯಾಗಿತ್ತು. ನಿಷೇಧವಿಲ್ಲದ ರಾಜ್ಯಗಳಲ್ಲಿ ಕೂಡಲೇ ಗರ್ಭ ತೆಗೆಸಿಕೊಂಡವರಲ್ಲಿ ಅದು ಶೇ. 33. ಆಸ್ಟಿನ್ನಿನ ಅಮಾಂಡಾ ಜುರಾವ್‌ಸ್ಕಿ ಮಗುವಿಗಾಗಿ ಚಿಕಿತ್ಸೆ ಪಡೆದು ಬಸುರಿಯಾದವರು. 2022ರ ಆಗಸ್ಟಿನಲ್ಲಿ, 18 ವಾರ ತುಂಬುವ ಮೊದಲೇ ನೀರು ಒಡೆಯಿತು. ನಂಜೇರುವ ತನಕ ಯಾರೂ ಮುಟ್ಟಲಿಲ್ಲ, ಆಮೇಲೆ ಐಸಿಯು ಸೇರಬೇಕಾಯಿತು. ಜೀವ ಉಳಿಯಿತು, ಒಂದು ಗರ್ಭನಾಳ ಮುಚ್ಚಿಹೋಯಿತು. ಮುಂದಿನ ಮಗುವಿನ ದಾರಿಯನ್ನೂ ಕಾನೂನೇ ಅರ್ಧ ಮುಚ್ಚಿತು. ಜಾರ್ಜಿಯಾದಲ್ಲಿ 28 ವರ್ಷದ ಆ್ಯಂಬರ್ ಥರ್ಮನ್ ಗರ್ಭದಲ್ಲಿ ಉಳಿದ ಚೂರುಗಳನ್ನು ತೆಗೆಸಿಕೊಳ್ಳಲು, ಅಂದರೆ ಒಂದು ಡಿ ಆಂಡ್ ಸಿಗೆ, ಸುಮಾರು 20 ಗಂಟೆ ಕಾದು ಸತ್ತರು. ಊರಿನ ನರ್ಸಿಂಗ್ ಹೋಮಿನಲ್ಲಿ ದಿನಾ ಬೆಳಿಗ್ಗೆ ಮಾಡಿ ಸಂಜೆ ಮನೆಗೆ ಕಳಿಸುವ ಕೆಲಸ ಅದು.

ವೈದ್ಯರು ಹೆದರುವುದಕ್ಕೆ ಕಾರಣವಿದೆ. ಟೆಕ್ಸಾಸಿನಲ್ಲಿ ತಪ್ಪಿಗೆ ಜೀವಾವಧಿ ಸೆರೆಯವರೆಗೆ ಶಿಕ್ಷೆ, ಕನಿಷ್ಠ 1,00,000 ಡಾಲರ್ ದಂಡ, ಲೈಸೆನ್ಸ್ ರದ್ದು. ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ, ತೆರೆದಿರುವ ಸಂದು ಯಾವುದು ಅಂತ ನಿಮಗೆ ಗೊತ್ತಿರಬೇಕು. ಅಲ್ಲಿ ಸತ್ತ ಭ್ರೂಣ ತೆಗೆಯುವುದನ್ನೂ ಗರ್ಭಕೋಶದ ಬದಲು ಗರ್ಭನಾಳದಲ್ಲಿ ಕೂತ ಗರ್ಭ ತೆಗೆಯುವುದನ್ನೂ ಕಾನೂನು ಗರ್ಭಪಾತ ಎಂದು ಎಣಿಸುವುದೇ ಇಲ್ಲ. ಅವಧಿಗೆ ಮೊದಲೇ ನೀರು ಒಡೆದಾಗ ಚಿಕಿತ್ಸೆ ಕೊಟ್ಟ ವೈದ್ಯರಿಗೆ 2023ರ ಸೆಪ್ಟೆಂಬರ್ 1ರಿಂದ ಕೋರ್ಟಿನಲ್ಲಿ ರಕ್ಷಣೆ ಇದೆ. ಅಪಾಯ ತಲೆಯ ಮೇಲೆ ಬಂದು ಕೂರುವ ತನಕ ಕಾಯಬೇಕಿಲ್ಲ ಅಂತ 2025ರ ತಿದ್ದುಪಡಿ ಹೇಳುತ್ತದೆ. ರಾತ್ರಿ ಪಾಳಿಯ ವೈದ್ಯರಿಗೆ ಇದು ನೆನಪಿಲ್ಲದಿದ್ದರೆ ಗಂಡನೋ ಅಕ್ಕನೋ ಹೇಳಬೇಕು. ಅಲ್ಲಿನ ಕಾನೂನು ಶಿಕ್ಷಿಸುವುದು ಮಾಡಿದವರನ್ನು, ಬಸುರಿಯನ್ನಲ್ಲ ಅನ್ನುವುದೂ ತಿಳಿದಿರಲಿ.

ಬೇರೆ ರಾಜ್ಯದ ಪದಗಳು ಬೇರೆ. ನಿಮ್ಮ ರಾಜ್ಯದ್ದನ್ನು ಬಸಿರು ಕಟ್ಟುವ ಮೊದಲೇ ಓದಿಕೊಳ್ಳಿ. ಮೊದಲ ಭೇಟಿಯಲ್ಲೇ ವೈದ್ಯರನ್ನು ನೇರವಾಗಿ ಕೇಳಿ: 17 ವಾರಕ್ಕೆ ನೀರು ಒಡೆದರೆ ನೀವೇನು ಮಾಡುತ್ತೀರಿ? ತೀರ್ಮಾನ ನಿಮ್ಮದೋ, ಆಸ್ಪತ್ರೆಯ ಸಮಿತಿಯದೋ? ಇಲ್ಲಿ ಆಗದಿದ್ದರೆ ಎಲ್ಲಿಗೆ ಕಳಿಸುತ್ತೀರಿ? ‘ಅಂಥದ್ದೇನೂ ಆಗಲ್ಲ ಬಿಡಿ’ ಅನ್ನುವುದು ಉತ್ತರವಲ್ಲ. ಹಾಗಂದವರನ್ನು ಬಿಟ್ಟು ಬೇರೆಯವರನ್ನು ಹುಡುಕಲು ಆಗ ಸಮಯ ಇರುತ್ತದೆ. ಆಸ್ಪತ್ರೆ ಕ್ಯಾಥೊಲಿಕ್ ಸಂಸ್ಥೆಯದಾ ಅಂತಲೂ ವಿಚಾರಿಸಿ. ಅಂಥ ಕಡೆ ಚರ್ಚಿನ ನಿರ್ದೇಶನಗಳೇ ನಡೆಯುವುದು, ಕ್ಯಾಲಿಫೋರ್ನಿಯಾದಂಥ ರಾಜ್ಯದಲ್ಲಿದ್ದರೂ ಅಷ್ಟೇ. ಹೆಸರಿನಲ್ಲಿ ಸೇಂಟ್ ಇಲ್ಲದಿದ್ದರೂ ಒಡೆತನ ಅವರದಿರಬಹುದು.

ನೀರು ಒಡೆದು ಎಮರ್ಜೆನ್ಸಿಗೆ ಹೋದಿರಿ ಅನ್ನಿ. ಒಂದು ಹಾಳೆ, ಒಂದು ಪೆನ್ನು, ಒಬ್ಬರು ಗಟ್ಟಿ ಗಂಟಲಿನವರು ಜೊತೆಗಿರಲಿ. ನೀರು ಒಡೆದ ಗಂಟೆ, ನೀರಿನ ಬಣ್ಣ, ವಾಸನೆ ಬರೆಯಿರಿ. ಆಮೇಲೆ ಜ್ವರ, ನಾಡಿ, ಉಸಿರು, ರಕ್ತದೊತ್ತಡ ನೋಡಿದಾಗಲೆಲ್ಲ ಸಮಯದ ಜೊತೆ ಬರೆಯಿರಿ. ನಾಲ್ಕು ಗಂಟೆಯಾದರೂ ಯಾರೂ ಬರಲಿಲ್ಲವಾ, ಕರೆಯಿರಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ನಾಡಿ ನಿಮಿಷಕ್ಕೆ 110 ದಾಟಿದರೆ, ಉಸಿರು 24 ದಾಟಿದರೆ, ಬಿಳಿ ರಕ್ತಕಣ 15,000 ದಾಟಿದರೆ ಎಚ್ಚೆತ್ತುಕೊಳ್ಳಿ. ಇವುಗಳಲ್ಲಿ ಎರಡು ಒಟ್ಟಿಗೆ ಬಂದರೆ ‘ಸೆಪ್ಸಿಸ್ ಇರಬಹುದಾ? ಲ್ಯಾಕ್ಟೇಟ್ ನೋಡಿದ್ದೀರಾ? ಆ್ಯಂಟಿಬಯೋಟಿಕ್ ಯಾವಾಗ ಶುರು?’ ಅಂತ ಹೆಸರು ಹಿಡಿದು ಕೇಳಿ. ಸೆಪ್ಸಿಸ್ ಅಂದರೆ ಇದೇ ನಂಜು, ಲ್ಯಾಕ್ಟೇಟ್ ಅಂದರೆ ಅದು ಎಷ್ಟು ಏರಿದೆ ಅಂತ ಅಂದಾಜು ಕೊಡುವ ರಕ್ತಪರೀಕ್ಷೆ. ನಂಜೆಂದು ಗೊತ್ತಾದ ಒಂದು ಗಂಟೆಯೊಳಗೆ ಔಷಧಿ ನರಕ್ಕೆ ಹೋಗಬೇಕು. ಜೊತೆಗೆ ನಂಜಿನ ಮೂಲ, ಅಂದರೆ ಗರ್ಭ, ಖಾಲಿಯಾಗಬೇಕು. ಬರೀ ಆ್ಯಂಟಿಬಯೋಟಿಕ್ಕಿಗೆ ಅದು ಬಗ್ಗುವುದಿಲ್ಲ.

ಇಲ್ಲಿ ಮೋಸ ಮಾಡುವುದು ರಕ್ತದೊತ್ತಡ. ಪ್ರಾಯದ ಹೆಣ್ಣುಮಕ್ಕಳ ಹೃದಯ ಗಟ್ಟಿ, ನಂಜು ಏರುತ್ತಿದ್ದರೂ ಜೋರಾಗಿ ಬಡಿದು ಬಡಿದು ಒತ್ತಡವನ್ನು ಹಿಡಿದಿಡುತ್ತದೆ. ಪರದೆ ಮೇಲೆ 112/70 ಕಂಡು ‘ಬಿಪಿ ನಾರ್ಮಲ್’ ಅನ್ನುತ್ತಾರೆ, ಪಕ್ಕದಲ್ಲೇ ನಾಡಿ 128 ಇರುತ್ತದೆ. ಒತ್ತಡ ಬಿದ್ದ ಮೇಲೆ ದಬದಬ ಬೀಳುತ್ತದೆ. ಇನ್ನೊಂದು ಮೋಸ ನಮ್ಮ ಬ್ಯಾಗಿನಲ್ಲೇ ಇರುತ್ತದೆ. ಮೈ ಬಿಸಿಯಾದ ಕೂಡಲೇ ಡೋಲೋನೋ ಟೈಲೆನಾಲೋ ನುಂಗುವ ಅಭ್ಯಾಸ. ಜ್ವರ ಇಳಿದಂತೆ ಕಾಣುತ್ತದೆ, ಚಾರ್ಟಿನಲ್ಲಿ 99 ಎಂದು ಬೀಳುತ್ತದೆ, ಮನೆಗೆ ಕಳಿಸುತ್ತಾರೆ. ಮೊದಲು ಥರ್ಮಾಮೀಟರ್ ಇಡಿ, ಬರೆಯಿರಿ, ಮಾತ್ರೆ ತಗೊಂಡಿದ್ದರೆ ಯಾವಾಗ ಅಂತ ನರ್ಸಿಗೆ ಹೇಳಿ.

ಒಂದು ಪದ ಮಾತ್ರ ಬಾಯಿಂದ ಜಾರಬಾರದು. ನಮ್ಮಲ್ಲಿ ತಾನಾಗಿ ಗರ್ಭ ಬಿದ್ದುಹೋದರೂ ‘ಅಬಾರ್ಷನ್ ಆಯ್ತು’ ಅನ್ನುತ್ತೇವೆ. ಗರ್ಭಪಾತ ಅನ್ನುವ ಪದವೂ ಎರಡಕ್ಕೂ ನಡೆಯುತ್ತದೆ. ಟೆಕ್ಸಾಸಿನ ಎಮರ್ಜೆನ್ಸಿಯಲ್ಲಿ ಹೋದ ವರ್ಷ ನನಗೆ ಅಬಾರ್ಷನ್ ಆಗಿತ್ತು ಎಂದರೆ ನೀವೇ ಮಾಡಿಸಿಕೊಂಡಿದ್ದು ಅಂತಲೇ ಬರೆದುಕೊಳ್ಳುತ್ತಾರೆ. ತಾನಾಗಿ ಹೋದದ್ದಾದರೆ ‘ಮಿಸ್‌ಕ್ಯಾರೇಜ್’ ಅನ್ನಿ. ಅಮ್ಮನೋ ಅತ್ತೆಯೋ ಜೊತೆಗಿದ್ದರೆ ಅವರಿಗೂ ಹೇಳಿಕೊಡಿ. ವರದಿಯಲ್ಲಿ ‘ಸ್ಪಾಂಟೇನಿಯಸ್ ಅಬಾರ್ಷನ್’ ಅಂತ ಕಂಡರೆ ಗಾಬರಿ ಬೇಡ, ವೈದ್ಯಕೀಯದಲ್ಲಿ ಮಿಸ್‌ಕ್ಯಾರೇಜಿಗೆ ಹಾಗೇ ಅನ್ನುವುದು. ಇಂಗ್ಲಿಷ್ ತೊಡರಿದರೆ ದುಭಾಷಿಯನ್ನು ಕೇಳಿ. ಫೋನಿನ ಮೇಲೆ ಕನ್ನಡದವರು ಸಿಗುತ್ತಾರೆ, ದುಡ್ಡು ಕೊಡಬೇಕಿಲ್ಲ.

ಆಗುವುದಿಲ್ಲ ಎಂದರೆ, ಯಾರು ಯಾಕೆ ಬೇಡ ಅಂದರು ಅನ್ನುವುದನ್ನು ಚಾರ್ಟಿನಲ್ಲಿ ಬರೆಯಲು ಹೇಳಿ. ಬರೆಯಬೇಕಾಗಿ ಬಂದಾಗ ‘ಒಂದು ನಿಮಿಷ, ಇನ್ನೊಬ್ಬರನ್ನ ಕೇಳ್ತೀನಿ’ ಎಂಬ ಮಾತು ಎಷ್ಟೋ ಸಲ ಬರುತ್ತದೆ. ಎಮರ್ಜೆನ್ಸಿಗೆ ಬಂದವರನ್ನು ಪರೀಕ್ಷಿಸಿ ಸ್ಥಿತಿ ಸ್ಥಿರ ಮಾಡಬೇಕು, ಆಗದಿದ್ದರೆ ಆಗುವ ಕಡೆಗೆ ಸಾಗಿಸಬೇಕು ಅನ್ನುವ 1986ರ ಕೇಂದ್ರ ಕಾನೂನು ಇನ್ನೂ ಇದೆ. ಅದರಡಿ ಗರ್ಭಪಾತವೂ ಬರುತ್ತದೆ ಎಂದು 2022ರಲ್ಲಿ ಹೊರಡಿಸಿದ್ದ ಸೂಚನೆಯನ್ನು 2025ರ ಜೂನಿನಲ್ಲಿ ಸರ್ಕಾರ ವಾಪಸ್ ಪಡೆಯಿತು. ಮೂಲ ಕಾನೂನು ಹೋಗಿಲ್ಲ. ‘ಟ್ರಾನ್ಸ್‌ಫರ್ ಬೇಕು’ ಅನ್ನುವ ಪದವನ್ನೇ ಬಳಸಿ.

ಮೈ ಚೆನ್ನಾಗಿದ್ದು ಹೊರ ರಾಜ್ಯಕ್ಕೆ ಹೋಗುವ ಯೋಚನೆಯಿದ್ದರೆ ಡಲ್ಲಾಸಿನಿಂದ ಕಾನ್ಸಸ್‌ನ ವಿಚಿಟಾಗೆ ಕಾರಿನಲ್ಲಿ ಐದೂವರೆ ಗಂಟೆ ಆಸುಪಾಸು. ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಗೆ ಹತ್ತು ಗಂಟೆ ಹಿಡಿಯುತ್ತದೆ. ನೀರು ಒಡೆದ ಮೇಲೆ ಹೀಗೆ ಸ್ವಂತ ಕಾರಿನಲ್ಲಿ ಹೊರಡುವುದು ಬೇಡ, ಆಂಬುಲೆನ್ಸಿನಲ್ಲೇ ಸಾಗಿಸಲು ಒತ್ತಾಯಿಸಿ. ‘ಇಲ್ಲಿಗೇ ಬಂದುಬಿಡು ಮಗಳೇ’ ಎಂದು ಅಮ್ಮ ಫೋನಿನಲ್ಲಿ ಅತ್ತರೂ, ಬೆಂಗಳೂರಿಗೆ ಇಪ್ಪತ್ತು ಗಂಟೆಯ ಪ್ರಯಾಣ ಆಗ ಬೇಡವೇ ಬೇಡ.

ಬಸಿರಿನ ಪರೀಕ್ಷೆ ಪಾಸಿಟಿವ್ ಬಂದು ಒಂದು ಬದಿಯ ಹೊಟ್ಟೆನೋವು, ಭುಜದ ತುದಿಯಲ್ಲಿ ನೋವು, ತಲೆಸುತ್ತು ಬಂದರೆ ಅದು ನಾಳದ ಬಸಿರು ಇರಬಹುದು. ಅದಕ್ಕೆ ಯಾವ ರಾಜ್ಯದಲ್ಲೂ ಕಾಯಬೇಕಿಲ್ಲ. ಬಸಿರು ಬೇಡ ಅನ್ನುವವರಿಗೆ ಇನ್ನೊಂದು ಎಚ್ಚರಿಕೆ. ‘ಉಚಿತ ಸ್ಕ್ಯಾನ್, ಉಚಿತ ಸಲಹೆ’ ಅನ್ನುವ ಬೋರ್ಡಿನ ಹಿಂದೆ ಎಷ್ಟೋ ಕಡೆ ವೈದ್ಯರೇ ಇರುವುದಿಲ್ಲ. ಗರ್ಭಪಾತ ತಡೆಯಲೆಂದೇ ತೆರೆದ ಜಾಗಗಳವು. ಇಂದು ಬನ್ನಿ, ಮುಂದಿನ ವಾರ ಬನ್ನಿ ಎನ್ನುತ್ತ ನಿಮ್ಮ ಎರಡು ವಾರ ನುಂಗುತ್ತಾರೆ. ‘ಇಲ್ಲಿ ಗರ್ಭಪಾತ ಮಾಡುತ್ತೀರಾ, ಇಲ್ಲವಾದರೆ ಮಾಡುವ ಕಡೆಗೆ ಕಳಿಸುತ್ತೀರಾ’ ಎಂದು ಫೋನಿನಲ್ಲೇ ಕೇಳಿ. ನೇರ ಉತ್ತರ ಬರದಿದ್ದರೆ ಹೋಗಬೇಡಿ.

ಗರ್ಭ ಖಾಲಿಯಾಯಿತೆಂದು ಮನೆಗೆ ಕಳಿಸಿದ ಮೇಲೂ ಮುಗಿದಿರುವುದಿಲ್ಲ. 2021ರ ಸೆಪ್ಟೆಂಬರಿನಲ್ಲಿ ಹ್ಯೂಸ್ಟನ್ನಿನ ಜೋಸೆಲಿ ಬಾರ್ನಿಕಾ ಬಡಿತ ನಿಲ್ಲಲೆಂದು 40 ಗಂಟೆ ಕಾದು, ಹೆರಿಗೆಯಾಗಿ, ಮನೆಗೆ ಹೋದರು. ರಕ್ತ ನಿಲ್ಲಲಿಲ್ಲ. ಕೆಲವೇ ದಿನಕ್ಕೆ ನಂಜಿನಿಂದ ತೀರಿಕೊಂಡರು. ಗಂಟೆಗೆ ಎರಡು ದೊಡ್ಡ ಪ್ಯಾಡ್ ತೊಯ್ದು, ಹಾಗೆ ಎರಡು ಗಂಟೆ ನಡೆದರೆ, ಸ್ರಾವಕ್ಕೆ ಕೆಟ್ಟ ವಾಸನೆ ಬಂದರೆ, ಚಳಿಜ್ವರ ಬಂದರೆ, ಮಾತು ತಡವರಿಸಿದರೆ ಬೆಳಗಾಗಲಿ ಅಂತ ಕಾಯಬೇಡಿ. ಮೊದಲ ಆಸ್ಪತ್ರೆಯ ಕಾಗದ, ಸಮಯ ಬರೆದ ಆ ಹಾಳೆ ಎರಡನ್ನೂ ಹಿಡಿದು ಹೊರಡಿ. ಅವರು ಮತ್ತೆ ವಾಪಸ್ ಕಳಿಸಿದರೆ ಪಾರ್ಕಿಂಗಿನಿಂದಲೇ ಇನ್ನೊಂದು ಆಸ್ಪತ್ರೆಗೆ ಹೋಗಿ.