ಕೊಕ್ಕರೆ ಬೆಳ್ಳೂರಿನ ನೆರೆಹೊರೆಯಿಂದ ಕಂಡ ನೇಚರ್ ಕನ್ಸರ್ವೇಶನ್ ಫೌಂಡೇಶನ್

ಮದ್ದೂರು ತಾಲ್ಲೂಕಿನ ನಾವು ವನ್ಯಜೀವಿ ಸಂರಕ್ಷಣೆಯ ಯಾವ ಸಂಸ್ಥೆಯನ್ನು ಕಂಡರೂ ಮೊದಲು ಕೊಕ್ಕರೆ ಬೆಳ್ಳೂರಿನ ಅಳತೆಗೋಲು ಹಿಡಿದು ನೋಡುತ್ತೇವೆ. ಹುಣಸೆಮರದ ತುಂಬ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಗೂಡು ಕಟ್ಟಿರುವಾಗ ಫಸಲನ್ನು ಬಡಿಯದೆ ಬಿಟ್ಟು, ಮರದಡಿ ಬಿದ್ದ ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರ ಮಾಡಿಕೊಂಡು, ಹಕ್ಕಿ ಬಂದರೆ ಊರಿಗೆ ಒಳಿತು ಎಂದು ನಂಬಿ ಬದುಕಿದ ಊರದು. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸುವುದಕ್ಕೆ ತಲೆಮಾರುಗಳ ಮೊದಲೇ ಅಲ್ಲಿ ಸಂರಕ್ಷಣೆ ನಡೆದುಕೊಂಡು ಬಂದಿತ್ತು. ಹಾಗಾಗಿ, 1996ರಲ್ಲಿ ಆರಂಭವಾಗಿ, ಮೈಸೂರಿನಲ್ಲಿ ನೆಲೆಯೂರಿ ದೇಶದ ಹಲವು ಮೂಲೆಗಳಲ್ಲಿ ಕೆಲಸ ಮಾಡುತ್ತಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಬಗ್ಗೆ ನಾನು ತಿಳಿಯಬಯಸಿದ್ದು ಒಂದೇ: ಪ್ರಾಣಿಯ ಪಕ್ಕದಲ್ಲಿ ಬದುಕುವ ಮನುಷ್ಯನನ್ನು ಇವರು ಹೇಗೆ ಕಾಣುತ್ತಾರೆ?

ಉತ್ತರ ಸಮಾಧಾನಕರವಾಗಿದೆ. ತಮಿಳುನಾಡಿನ ವಾಲ್ಪಾರೈ ಚಹಾ ತೋಟಗಳ ನಡುವೆ ಆನೆಗಳು ಓಡಾಡುವ ಸುದ್ದಿಯನ್ನು ಮೊಬೈಲ್ ಸಂದೇಶದ ಮೂಲಕವೂ, ದೂರದಿಂದಲೇ ಕಾಣುವ ಕೆಂಪು ದೀಪಗಳ ಮೂಲಕವೂ ಕಾರ್ಮಿಕರಿಗೆ ಮುಂಚಿತವಾಗಿ ತಿಳಿಸುವ ವ್ಯವಸ್ಥೆಯನ್ನು ಇವರು ರೂಪಿಸಿದ್ದಾರೆ. ಸಂಜೆ ಮನೆಗೆ ಮರಳುವವನು ಕತ್ತಲಲ್ಲಿ ಆನೆಗೆ ಎದುರಾಗದಿದ್ದರೆ ಮನುಷ್ಯನೂ ಉಳಿಯುತ್ತಾನೆ, ಆನೆಯ ಮೇಲಿನ ಹಗೆಯೂ ಬೆಳೆಯುವುದಿಲ್ಲ. ಈ ಕೆಲಸಕ್ಕೆ 2015ರಲ್ಲಿ ಸಂಸ್ಥೆಯ ಎಂ. ಆನಂದ ಕುಮಾರ್ ಅವರಿಗೆ, ವನ್ಯಜೀವಿ ಸಂರಕ್ಷಕರಿಗೆ ಕೊಡುವ ಅಂತರರಾಷ್ಟ್ರೀಯ ವಿಟ್ಲಿ ಪ್ರಶಸ್ತಿ ಬಂದಿತು. ಅರುಣಾಚಲದ ಪಕ್ಕೆ ಹುಲಿ ಸಂರಕ್ಷಿತ ಪ್ರದೇಶದ ಅಂಚಿನಲ್ಲಿ, ಹಿಂದೆ ಬೇಟೆಯಾಡುತ್ತಿದ್ದ ನಿಶಿ ಸಮುದಾಯದವರೇ ಇಂದು ಮಂಗಟ್ಟೆ ಹಕ್ಕಿಯ ಗೂಡುಗಳ ಕಾವಲುಗಾರರಾಗಿದ್ದಾರೆ. ದೂರದೂರಿನ ಜನ ಒಂದೊಂದು ಗೂಡನ್ನು ದತ್ತು ಪಡೆದು ಕೊಡುವ ಹಣ ಅವರ ಸಂಬಳಕ್ಕೆ ಸಲ್ಲುತ್ತದೆ. ಹುಣಸೆ ಫಸಲು ಬಿಟ್ಟವರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವುದನ್ನು ಕಂಡ ನಮಗೆ ಈ ಲೆಕ್ಕಾಚಾರದ ನ್ಯಾಯ ಬಿಡಿಸಿ ಹೇಳಬೇಕಾದದ್ದಲ್ಲ.

ಇಷ್ಟು ಓದಿ ತಿಳಿದದ್ದು. ಶಾಲಾ ಶಿಕ್ಷಕನಾಗಿ ನಾನು ಸ್ವತಃ ಬಳಸಿ ನೋಡಿದ್ದು ಇವರ ಮಕ್ಕಳ ಮತ್ತು ಜನಸಾಮಾನ್ಯರ ಕಾರ್ಯಕ್ರಮಗಳನ್ನು. ಅರ್ಲಿ ಬರ್ಡ್ ಹೆಸರಿನ ಕಾರ್ಯಕ್ರಮದಲ್ಲಿ ಹಕ್ಕಿಗಳ ಚಿತ್ರಪಟ, ಮಡಚಬಹುದಾದ ಕಿರುಕೈಪಿಡಿ ಮೊದಲಾದವು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ದೊರೆಯುತ್ತವೆ. ಗೊರವಂಕ, ಪಿಕಳಾರ, ಕೆಂಬೂತ, ಕಾಜಾಣ ಎಂದು ಮನೆಯಲ್ಲಿ ಕೇಳಿದ ಹೆಸರನ್ನೇ ಚಿತ್ರದ ಕೆಳಗೆ ಓದಿದ ಏಳನೆಯ ತರಗತಿಯ ಮಗುವಿನ ಮುಖವನ್ನು ನೋಡಿದವರಿಗೆ ಕನ್ನಡದಲ್ಲಿ ಇವು ಸಿಗುವುದರ ಬೆಲೆ ಗೊತ್ತಾಗುತ್ತದೆ. ಪಟಗಳನ್ನು ಮುದ್ರಿಸುವವರು ಒಂದು ಎಚ್ಚರ ವಹಿಸಬೇಕು: ನಾವು ಮೊದಲ ಬಾರಿ ಒಂದು ಅಂಗಡಿಯಲ್ಲಿ ಅಗ್ಗದ ಕಾಗದಕ್ಕೆ ಹಾಕಿಸಿದಾಗ ಮಿಂಚುಳ್ಳಿಯ ನೀಲಿಯೆಲ್ಲ ಬೂದು ಬಣ್ಣವಾಗಿ ಬಂದಿತು, ಎರಡನೆಯ ಸಲ ದಪ್ಪ ಕಾಗದಕ್ಕೆ ಹೋದೆವು.

ಇವರ ಇನ್ನೊಂದು ಕಾರ್ಯಕ್ರಮವಾದ ಸೀಸನ್‌ವಾಚ್ ಇದಕ್ಕಿಂತ ಕಷ್ಟದ ಕೆಲಸ. ಒಂದು ಮರವನ್ನು ಆಯ್ದುಕೊಂಡು, ವಾರಕ್ಕೊಮ್ಮೆ ಅದರ ಚಿಗುರು, ಬಲಿತ ಎಲೆ, ಮೊಗ್ಗು, ಹೂ, ಕಾಯಿ, ಹಣ್ಣು ಎಷ್ಟಿವೆ ಎಂದು ದಾಖಲಿಸುತ್ತಾ ಹೋಗಬೇಕು. ಹವಾಮಾನ ಬದಲಾದಂತೆ ಮರಗಳ ಋತುಚಕ್ರ ಎಲ್ಲಿ ಜಾರುತ್ತಿದೆ ಎಂಬುದನ್ನು ಇಂಥ ಸಾವಿರಾರು ವಾರಗಳ ಟಿಪ್ಪಣಿಗಳಿಂದಲೇ ತಿಳಿಯಬೇಕಾಗಿರುವುದರಿಂದ ನಡುವೆ ಕೈಬಿಡುವಂತಿಲ್ಲ. ಬೇಸಿಗೆ ರಜೆಯಲ್ಲಿ ನಮ್ಮ ಹೊಂಗೆಯ ದಾಖಲೆ ನಿಂತುಹೋಯಿತು. ಆ ವಾರಗಳು ಮರಳಿ ಬರುವುದಿಲ್ಲ ಎಂಬ ಕೊರಗು ನನಗೆ ಇಂದಿಗೂ ಇದೆ. ಹೊಸದಾಗಿ ಆರಂಭಿಸುವ ಶಿಕ್ಷಕರು ಶಾಲೆಯ ಅಂಗಳದ ಮರಕ್ಕಿಂತ, ರಜೆಯಲ್ಲೂ ಮಕ್ಕಳ ಕಣ್ಣಿಗೆ ಬೀಳುವ ಮನೆಯ ಹತ್ತಿರದ ಮರವನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಕೇವಲ ಹದಿನೈದು ನಿಮಿಷ ನಿಂತು ಕಂಡ ಹಕ್ಕಿಗಳನ್ನೆಲ್ಲ ಎಣಿಸುವ ಫೆಬ್ರವರಿಯ ಹಕ್ಕಿ ಗಣತಿ ಮಕ್ಕಳಿಗೆ ಎಲ್ಲಕ್ಕಿಂತ ಪ್ರಿಯ. ಈ ಎಣಿಕೆಯ ಗತಿ ಏನಾಗುತ್ತದೆ ಎಂದು ಕೇಳಿದವರಿಗೆ ನಾನು 2023ರ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯನ್ನು ತೋರಿಸುತ್ತೇನೆ. ಈ ಸಂಸ್ಥೆಯೂ ಸೇರಿ ಹದಿಮೂರು ಸಂಸ್ಥೆಗಳು ಹೊರತಂದ ಆ ವರದಿ ಮೂವತ್ತು ಸಾವಿರಕ್ಕೂ ಹೆಚ್ಚು ಹಕ್ಕಿವೀಕ್ಷಕರ ದಾಖಲೆಗಳನ್ನು ಆಧರಿಸಿ 942 ಪ್ರಭೇದಗಳನ್ನು ಪರಿಶೀಲಿಸಿತು. ಅವುಗಳಲ್ಲಿ 178 ಪ್ರಭೇದಗಳಿಗೆ ತುರ್ತು ಗಮನ ಬೇಕೆಂದಿತು. ನಮ್ಮ ರಾಜ್ಯಪಕ್ಷಿ ನೀಲಕಂಠದ ಸಂಖ್ಯೆ ಕುಸಿದಿರುವುದೂ ಅದರಲ್ಲಿದೆ. ಗದ್ದೆಯಂಚಿನ ತಂತಿಯ ಮೇಲೆ ದಿನಾ ಕಾಣುವ ಹಕ್ಕಿಯ ಬಗ್ಗೆ ಇದನ್ನು ಓದಿದಾಗ ತರಗತಿಯಲ್ಲಿ ಮಾತೇ ನಿಂತಿತು.

ಒಂದು ಅಪೇಕ್ಷೆಯನ್ನು ಹೇಳಲೇಬೇಕು. ಸಂಸ್ಥೆಯ ಸಂಶೋಧನಾ ಬರಹಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ಮಕ್ಕಳ ಸಾಮಗ್ರಿಗೆ ದೊರೆತ ಕನ್ನಡ, ವಾಲ್ಪಾರೈ ಮತ್ತು ಪಕ್ಕೆಯ ಅನುಭವಗಳಿಗೂ ದೊರೆತರೆ ಹುಣಸೂರು, ಎಚ್.ಡಿ. ಕೋಟೆಯ ಕಡೆ ಆನೆಗಳ ನಡುವೆ ರಾಗಿ, ತಂಬಾಕು ಬೆಳೆಯುವ ರೈತರು ಅದನ್ನು ತಮ್ಮ ಕಷ್ಟದೊಂದಿಗೆ ಹೋಲಿಸಿ ಓದಬಲ್ಲರು. ಈ ವರ್ಷ ನಮ್ಮ ಶಾಲೆಯಿಂದ ಇಪ್ಪತ್ತೆರಡು ಮಕ್ಕಳು ತಮ್ಮ ತಮ್ಮ ಮನೆಯ ಬಳಿಯ ಮರಗಳನ್ನು ಸೀಸನ್‌ವಾಚ್‌ನಲ್ಲಿ ನೋಂದಾಯಿಸಿದ್ದಾರೆ. ಅವುಗಳಲ್ಲಿ ಹೆಚ್ಚಿನವು ಹುಣಸೆಯವೇ.