ಪೋರ್ಷೆ 911 ಕರೇರಾ 3.2: ಹಿಂಬದಿಯ ಸ್ಪಾಯ್ಲರ್ ಇರಲೋ, ತೆಗೆಯಲೋ?

ಸ್ಟುಟ್‌ಗಾರ್ಟ್‌ನಲ್ಲಿ ನೆಲೆಸಿರುವ ನನ್ನ ಬಳಿ 1987ರ ಪೋರ್ಷೆ 911 ಕರೇರಾ 3.2 ಇದೆ. ಅದರ ಬೆನ್ನ ಮೇಲೆ ಅಗಲವಾದ, ಸುತ್ತಲೂ ಕಪ್ಪು ರಬ್ಬರ್ ಅಂಚು ಎದ್ದುನಿಂತ, ಹವ್ಯಾಸಿಗಳು ಟೀ ಟ್ರೇ ಎಂದು ಕರೆಯುವ ಸ್ಪಾಯ್ಲರ್, ಅಂದರೆ ಗಾಳಿಯ ಹರಿವನ್ನು ತಿದ್ದುವ ರೆಕ್ಕೆಯಂತಹ ಭಾಗ, ಇತ್ತು. ಕಳೆದ ವರ್ಷ ಅದನ್ನು ತೆಗೆಸಿ, ಅದೇ ಮಾದರಿಯ ಚಪ್ಪಟೆ ಎಂಜಿನ್ ಮುಚ್ಚಳವನ್ನು ಹಾಕಿಸಿ ಒಂದು ಬೇಸಿಗೆ ಪೂರ್ತಿ ಓಡಿಸಿದೆ; ಈ ವರ್ಷ ಹಳೆಯದನ್ನೇ ಮತ್ತೆ ಕೂರಿಸಿದ್ದೇನೆ. ಎರಡನ್ನೂ ಒಂದೇ ಕಾರಿನಲ್ಲಿ, ಒಂದೇ ದಾರಿಗಳಲ್ಲಿ ಬಳಸಿ ನೋಡುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲವಾದ್ದರಿಂದ ಈ ವಿಮರ್ಶೆ.

ಮೊದಲು ಈ ವಸ್ತು ಅಲ್ಲೇಕಿದೆ ಎಂಬುದನ್ನು ತಿಳಿಯಬೇಕು. ನಮ್ಮೂರಿನವರು ಡಿಕ್ಕಿ ಎನ್ನುವ ಜಾಗದಲ್ಲಿ ಈ ಕಾರಿಗೆ ಎಂಜಿನ್ ಇದೆ, ಅದೂ ಹಿಂದಿನ ಚಕ್ರಗಳ ಅಚ್ಚಿಗಿಂತ ಹಿಂದಕ್ಕೆ ತೂಗಿಕೊಂಡಂತೆ. ಚಾವಣಿಯಿಂದ ಬಂಪರಿನವರೆಗೆ ನಯವಾಗಿ ಇಳಿಯುವ ಆ ಬೆನ್ನಿನ ಮೇಲೆ ಗಾಳಿ ವೇಗವಾಗಿ ಹರಿಯುವಾಗ, ವಿಮಾನದ ರೆಕ್ಕೆಯ ಮೇಲೆ ಆಗುವಂತೆಯೇ, ಕಾರಿನ ಹಿಂಭಾಗವನ್ನು ಮೇಲಕ್ಕೆತ್ತುವ ಬಲ ಹುಟ್ಟುತ್ತದೆ. ಟೈರು ರಸ್ತೆಯನ್ನು ಹಿಡಿಯುವುದು ತನ್ನ ಮೇಲಿನ ಭಾರದಿಂದ. ಆ ಭಾರವನ್ನು ಗಾಳಿ ಕದ್ದರೆ, ಭಾರವಾದ ಎಂಜಿನ್ ತಿರುವಿನಲ್ಲಿ ಕಾರಿನ ಬಾಲವನ್ನು ಹೊರಕ್ಕೆಳೆಯುತ್ತದೆ. ಇದಕ್ಕೆ ಮದ್ದಾಗಿ 1972ರಲ್ಲಿ ಟಿಲ್ಮನ್ ಬ್ರೋಡ್‌ಬೆಕ್ ಮತ್ತು ಹೆರ್ಮನ್ ಬುರ್ಸ್ಟ್ ಎಂಬ ಎಂಜಿನಿಯರುಗಳು ವಿನ್ಯಾಸಕಾರ ರೋಲ್ಫ್ ವೀನರ್ ಜೊತೆ ಸೇರಿ ಬಾತುಕೋಳಿಯ ಬಾಲದಂತಹ ಮೊದಲ ಸ್ಪಾಯ್ಲರನ್ನು ರೂಪಿಸಿದರು. ಅದು ಬಂದದ್ದು ಕರೇರಾ ಆರ್‌ಎಸ್ 2.7 ಮೇಲೆ. ರೇಸಿನ ಮಾನ್ಯತೆಗೆ 500 ಕಾರುಗಳು ಸಾಕಿದ್ದಲ್ಲಿ ಕಂಪನಿ 1,580 ಕಟ್ಟಬೇಕಾಯಿತು ಎಂದರೆ ಆ ಬಾಲಕ್ಕೆ ಕೊಳ್ಳುವವರೇನೂ ಮೂಗು ಮುರಿಯಲಿಲ್ಲ.

1978ರ 3.3 ಲೀಟರ್ ಟರ್ಬೊದಲ್ಲಿ ಸ್ಪಾಯ್ಲರಿಗೆ ಇನ್ನೊಂದು ಕೆಲಸವೂ ಬಂತು: ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಅದರ ಹೊಟ್ಟೆಯೊಳಗೇ ಕುಳಿತಿದೆ. ಹಾಗಾಗಿ ಆ ಟರ್ಬೊ ಇರುವವರಿಗೆ ತೆಗೆಯುವ ಪ್ರಶ್ನೆಯೇ ಇಲ್ಲ; ಚಪ್ಪಟೆ ಮುಚ್ಚಳ ಅಲ್ಲಿ ಮುಚ್ಚಿಕೊಳ್ಳುವುದೇ ಇಲ್ಲ. ನನ್ನ ಕರೇರಾ 3.2 ಹಾಗಲ್ಲ. 1984ರಿಂದ 1989ರವರೆಗೆ ಬಂದ ಈ ಮಾದರಿಯಲ್ಲಿ ಸ್ಪಾಯ್ಲರ್ ಹೆಚ್ಚುವರಿ ಹಣ ಕೊಟ್ಟು ಪಡೆಯುವ ಆಯ್ಕೆಯಾಗಿತ್ತು. ಕಾರ್ಖಾನೆಯ ಪಟ್ಟಿಯಲ್ಲಿ ಅದರ ಸಂಕೇತ ಎಂ473. ಆ ಒಂದೇ ಸಂಕೇತದಡಿ ಹಿಂದಿನ ಸ್ಪಾಯ್ಲರ್ ಮತ್ತು ಮುಂದಿನ ಬಂಪರಿನ ಕೆಳಗೆ ಕೂರುವ ತುಟಿಯಂತಹ ಪಟ್ಟಿ, ಎರಡೂ ಜೋಡಿಯಾಗಿ ಬರುತ್ತಿದ್ದವು. ಈ ಜೋಡಿ ಎಂಬ ಮಾತನ್ನು ನಾನು ಆಗ ಲಕ್ಷ್ಯಕ್ಕೆ ತೆಗೆದುಕೊಳ್ಳಲಿಲ್ಲ.

ತೆಗೆಸಲು ಕಾರಣ ಬರೀ ಚಂದ. ಸ್ಪಾಯ್ಲರ್ ಇಲ್ಲದ 911ರ ಬೆನ್ನು ಒಂದೇ ಎಳೆತದಲ್ಲಿ ಬರೆದ ಗೆರೆಯಂತೆ ಕಾಣುತ್ತದೆ, ಟೀ ಟ್ರೇ ಅದನ್ನು ಅರ್ಧಕ್ಕೆ ತುಂಡರಿಸುತ್ತದೆ. ತೊಳೆಯುವುದೂ ಒಂದು ರಗಳೆ. ಮೇಣ ಹಚ್ಚಿ ಒರೆಸಿದ ಮೇಲೆ ರಬ್ಬರ್ ಅಂಚಿನುದ್ದಕ್ಕೂ ಬಿಳಿಯ ಕಲೆ ಉಳಿಯುತ್ತದೆ, ಬಣ್ಣಕ್ಕೂ ರಬ್ಬರಿಗೂ ನಡುವಿನ ಸಂದಿಯಲ್ಲಿ ಸೇರಿದ ಕೊಳೆಯನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದಲೇ ತೆಗೆಯಬೇಕು. ಮೂವತ್ತಕ್ಕೂ ಹೆಚ್ಚು ವರ್ಷ ಬಿಸಿಲುಂಡ ನನ್ನ ರಬ್ಬರು ಬಲಮೂಲೆಯಲ್ಲಿ ಸಣ್ಣಗೆ ಬಿರುಕು ಬಿಟ್ಟು, ಹಪ್ಪಳದ ಅಂಚಿನಂತೆ ಅಲೆಅಲೆಯಾಗಿದೆ. ಒಳಗಿನ ಕನ್ನಡಿಯಲ್ಲಿ ನೋಡಿದರೆ ಹಿಂದಿನ ಗಾಜಿನ ಕೆಳಭಾಗವನ್ನೆಲ್ಲ ಅದೇ ತುಂಬಿಕೊಂಡಿರುತ್ತದೆ.

ಬದಲಾಯಿಸುವುದು ನಾಲ್ಕು ಬೋಲ್ಟಿನ ಕೆಲಸ ಎಂದು ಹೇಳುವವರನ್ನು ನಂಬಬೇಡಿ. ಎಸಿ ಇರುವ ಕಾರಾದರೆ ಅದರ ಶಾಖವನ್ನು ಹೊರಹಾಕುವ ಒಂದು ಕಂಡೆನ್ಸರ್ ಎಂಜಿನ್ ಮುಚ್ಚಳದ ಜಾಲರಿಯ ಕೆಳಗೇ ಇರುತ್ತದೆ. ಅದನ್ನು, ಅದರ ಕೊಳವೆಗಳ ಸಮೇತ, ಹೊಸ ಮುಚ್ಚಳಕ್ಕೆ ಸ್ಥಳಾಂತರಿಸಬೇಕು. ಎರಡನೆಯದು ಬಣ್ಣ. ನನ್ನ ಕಾರಿನ ಕೆಂಪನ್ನು ಇಂಗ್ಲಿಷರು ಗಾರ್ಡ್ಸ್ ರೆಡ್ ಎನ್ನುತ್ತಾರೆ, ಜರ್ಮನರು ಮಾತ್ರ ಇಂಡಿಶ್‌ರೋಟ್, ಅಂದರೆ ಭಾರತೀಯ ಕೆಂಪು ಎನ್ನುತ್ತಾರೆ. ಹೆಸರು ಕೇಳಿ ನನಗೆ ಹಿತವಾದದ್ದು ನಿಜ, ಆದರೆ ಹೊಸದಾಗಿ ಬಳಿದ ಮುಚ್ಚಳ ತಾಜಾ ಕುಂಕುಮದಂತೆಯೂ ಉಳಿದ ಕಾರು ಹಳೆಯ ಕುಂಕುಮದಂತೆಯೂ ಕಾಣುತ್ತಿದ್ದುದರಿಂದ ಪಕ್ಕದ ಭಾಗಗಳನ್ನು ಪಾಲಿಶ್ ಮಾಡಿಸಬೇಕಾಯಿತು. ಮೂರನೆಯದು ಮುಚ್ಚಳವನ್ನು ಎತ್ತಿಹಿಡಿಯುವ ಗ್ಯಾಸ್ ಸ್ಟ್ರಟ್. ಸ್ಪಾಯ್ಲರಿನ ಭಾರಕ್ಕೆ ಲೆಕ್ಕಹಾಕಿದ ಸ್ಟ್ರಟ್‌ಗಳನ್ನು ಹಗುರವಾದ ಚಪ್ಪಟೆ ಮುಚ್ಚಳಕ್ಕೆ ಹಾಗೇ ಬಿಟ್ಟರೆ ಅವು ಅದನ್ನು ಬೇಕಾದ್ದಕ್ಕಿಂತ ಜೋರಾಗಿ ತಳ್ಳುತ್ತವೆ. ನಾನು ಕೊಟ್ಟ ಗ್ಯಾರೇಜಿನವರು ಇದನ್ನು ಮರೆತರು. ಮನೆಗೆ ತಂದು ಮೊದಲ ಸಲ ಲಿವರ್ ಎಳೆದಾಗ ಮುಚ್ಚಳ ಧಡ್ಡನೆ ಮೇಲೆದ್ದಿತು, ಎರಡು ವಾರದಲ್ಲಿ ಹಿಂಜಿನ ಪಕ್ಕದ ಸಂದು ಒಂದು ಕಡೆ ಬೆರಳಿನಷ್ಟು, ಇನ್ನೊಂದು ಕಡೆ ಕೂದಲೆಳೆಯಷ್ಟು ಆಗಿತ್ತು. ತಪ್ಪೊಪ್ಪಿಕೊಂಡು ಸರಿಪಡಿಸಿದರು, ಆದರೆ ಕೂಲಿಯಲ್ಲಿ ಒಂದು ಯೂರೋ ಬಿಡಲಿಲ್ಲ.

ಇನ್ನು ಓಡಿಸುವ ಮಾತು. ಊರೊಳಗೆ, ಬ್ಲ್ಯಾಕ್ ಫಾರೆಸ್ಟಿನ ಘಟ್ಟದ ದಾರಿಯಲ್ಲಿ, ಗಂಟೆಗೆ 100 ಕಿ.ಮೀ. ಒಳಗಿನ ಯಾವ ವೇಗದಲ್ಲೂ ಎರಡರ ನಡುವೆ ನನಗೆ ಎಳ್ಳಷ್ಟೂ ವ್ಯತ್ಯಾಸ ತಿಳಿಯಲಿಲ್ಲ. ತಿಳಿಯಬಾರದು ಕೂಡ, ಏಕೆಂದರೆ ಗಾಳಿಯ ಬಲ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. 80ರಲ್ಲಿ ಇದ್ದದ್ದು 160ರಲ್ಲಿ ನಾಲ್ಕು ಪಟ್ಟಾಗುತ್ತದೆ. 1989ರಲ್ಲಿ ಬಂದ ಮುಂದಿನ ಮಾದರಿ 964ರಲ್ಲಿ ಪೋರ್ಷೆಯವರೇ ಸ್ಪಾಯ್ಲರನ್ನು ಮುಚ್ಚಳದೊಳಗೆ ಮಲಗಿಸಿ, 80 ಕಿ.ಮೀ. ವೇಗದಲ್ಲಿ ತಾನಾಗಿ ಮೇಲೇಳುವಂತೆ ಮಾಡಿದ್ದರ ಹಿಂದಿನ ಲೆಕ್ಕವೂ ಇದೇ ಇರಬೇಕು.

ವ್ಯತ್ಯಾಸ ಗೊತ್ತಾದದ್ದು ಎ81 ಹೆದ್ದಾರಿಯಲ್ಲಿ. ಸ್ಟುಟ್‌ಗಾರ್ಟ್‌ನಿಂದ ದಕ್ಷಿಣಕ್ಕೆ ಹೋಗುವಾಗ ವೇಗದ ಮಿತಿಯಿಲ್ಲದ ಭಾಗಗಳು ಸಿಗುತ್ತವೆ. ಅಲ್ಲಿ 180ರ ಆಸುಪಾಸಿನಲ್ಲಿ, ಉದ್ದನೆಯ ಎಡತಿರುವೊಂದರ ನಡುವೆ, ಮುಂದಿನ ಲಾರಿ ಹೊರಬಂದೀತೇನೋ ಎಂಬ ಅನುಮಾನದಿಂದ ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಕಾರಿನ ಹಿಂಭಾಗ ಜಾರಲಿಲ್ಲ. ಆದರೆ ನಾನು ಕುಳಿತ ಜಾಗಕ್ಕೂ ಹಿಂದಿನ ಚಕ್ರಗಳಿಗೂ ನಡುವೆ ಯಾರೋ ಒಂದು ದಿಂಬು ಇಟ್ಟಂತೆ, ನೆಲದ ಹಿಡಿತ ಸಡಿಲವಾದ ಭಾವನೆ ಬಂತು. ಸ್ಟಿಯರಿಂಗ್ ಮಾತ್ರ ಎಂದಿನಂತೆ ಚುರುಕಾಗಿಯೇ ಇತ್ತು. ಮನೆಗೆ ಬಂದು ಯೋಚಿಸಿದಾಗಲೇ ಹೊಳೆದದ್ದು: ಹಿಂದಿನದನ್ನು ತೆಗೆಸಿದ ನಾನು ಮುಂದಿನ ತುಟಿಯನ್ನು ಹಾಗೇ ಬಿಟ್ಟಿದ್ದೆ. ಮುಂಭಾಗವನ್ನು ಗಾಳಿ ಎತ್ತದಂತೆ ತಡೆದು, ಹಿಂಭಾಗವನ್ನು ಮಾತ್ರ ಎತ್ತಲು ಬಿಟ್ಟಿದ್ದೆ. ಬಾಲ ಭಾರದ ಕಾರಿಗೆ ಇದಕ್ಕಿಂತ ತಲೆಕೆಳಗಾದ ಹೊಂದಾಣಿಕೆ ಇಲ್ಲ. ಮುಂದಿನ ತುಟಿಯನ್ನೂ ಬಿಚ್ಚಿ ಅದೇ ದಾರಿಯಲ್ಲಿ ಹೋದಾಗ ಕಾರು ಎರಡೂ ಕಡೆ ಒಂದಿಷ್ಟು ಹಗುರವಾಗಿತ್ತು, ಅಡ್ಡಗಾಳಿಗೆ ಹೆಚ್ಚು ಅಲುಗುತ್ತಿತ್ತು, ಆದರೆ ಸಮತೋಲ ಮರಳಿತ್ತು. ಸ್ಪಾಯ್ಲರ್ ಇಲ್ಲದೆಯೇ ಕಾರ್ಖಾನೆಯಿಂದ ಹೊರಬಂದ ಕರೇರಾಗಳು ಓಡಿದ್ದು ಹೀಗೆಯೇ.

ಬಾಲವಿಲ್ಲದ ಕಾರನ್ನು ವೇಗವಾಗಿ ಓಡಿಸುವುದು ಬರೀ ಹಳೆಯ ಕಾಲದ ಸಮಸ್ಯೆ ಎಂದುಕೊಳ್ಳಬೇಕಿಲ್ಲ. 1998ರಲ್ಲಿ ಬಂದ ಆಡಿ ಟಿಟಿ ಇದೇ ರೀತಿ ನುಣುಪಾದ ಬೆನ್ನಿನಿಂದ ಜನರ ಮನ ಗೆದ್ದಿತ್ತು. ಜರ್ಮನಿಯ ಹೆದ್ದಾರಿಗಳಲ್ಲಿ ಅತಿವೇಗದ ಅಪಘಾತಗಳಾದ ಮೇಲೆ ಕಂಪನಿ ಆ ಕಾರುಗಳನ್ನು ವಾಪಸ್ ಕರೆಸಿಕೊಂಡು ಸಣ್ಣ ಸ್ಪಾಯ್ಲರ್ ಕೂರಿಸಿತು.

ಕಾಗದಪತ್ರದ ವಿಷಯದಲ್ಲಿ ನನಗೆ ತೊಂದರೆಯಾಗಲಿಲ್ಲ. ಇಲ್ಲಿ 30 ವರ್ಷ ದಾಟಿದ, ಮೂಲಸ್ಥಿತಿಯಲ್ಲಿರುವ ವಾಹನಗಳಿಗೆ ಕೊಡುವ ಎಚ್ ನಂಬರ್ ಪ್ಲೇಟಿಗೆ ಎರಡೂ ಮುಚ್ಚಳಗಳು ಸಲ್ಲುತ್ತವೆ, ಎರಡೂ ಆ ಕಾಲದ ಕಾರ್ಖಾನೆಯ ಭಾಗಗಳೇ ಆದ್ದರಿಂದ. ಪ್ರಮಾಣಪತ್ರವಿಲ್ಲದ ಅಗ್ಗದ ಫೈಬರ್ ಬಾಲಗಳನ್ನು ಹಾಕಿಸಿಕೊಂಡವರು ತಪಾಸಣೆಯಲ್ಲಿ ಒದ್ದಾಡುತ್ತಾರೆ.

ಹಾಗಾದರೆ ಮರಳಿ ಹಾಕಿಸಿದ್ದೇಕೆ? ನನ್ನ ಕಾರಿನ ಮೂಲ ಪಟ್ಟಿಯಲ್ಲಿ ಎಂ473 ಇದೆ ಎಂಬುದು ಒಂದು ಕಾರಣ, ನಾನು ತಿಂಗಳಿಗೊಮ್ಮೆಯಾದರೂ ಎ81ರಲ್ಲಿ ಹೋಗುತ್ತೇನೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಭಾನುವಾರ ಬೆಳಿಗ್ಗೆ ಹಳ್ಳಿ ದಾರಿಯಲ್ಲಿ ಅರವತ್ತು ಎಪ್ಪತ್ತರಲ್ಲಿ ಹೋಗಿ ಬರುವವರಾದರೆ ಧೈರ್ಯವಾಗಿ ತೆಗೆಸಿ. ಆದರೆ ಮುಂದಿನ ತುಟಿಯನ್ನೂ ತೆಗೆಸಿ, ತೆಗೆದದ್ದನ್ನು ಮಾರಬೇಡಿ. ಕಾರ್ಖಾನೆಯಿಂದಲೇ ಚಪ್ಪಟೆಯಾಗಿ ಬಂದ ಕಾರಿಗೆ ಹೊಸದಾಗಿ ಟೀ ಟ್ರೇ ಹಾಕಿಸುವುದನ್ನು ನಾನು ಯಾರಿಗೂ ಹೇಳಲಾರೆ.

ಬೆಂಗಳೂರಿನ ಮೈಕೋದಲ್ಲಿ ದುಡಿದು ನಿವೃತ್ತರಾದ ನನ್ನ ತಂದೆ ಮೊನ್ನೆ ಇಲ್ಲಿಗೆ ಬಂದಿದ್ದರು. ನಾನು ರಬ್ಬರಿನ ಬಿರುಕಿಗೆ ಗ್ಲಿಸರಿನ್ ಹಚ್ಚುತ್ತಿದ್ದಾಗ ಕಾಫಿಯ ಲೋಟವನ್ನು ಸ್ಪಾಯ್ಲರಿನ ಮೇಲೇ ಇಟ್ಟು, ಅಂಚು ಎದ್ದಿರುವುದರಿಂದ ಲೋಟ ಜಾರುವುದಿಲ್ಲ ನೋಡು ಎಂದರು. ಟೀ ಟ್ರೇ ಎಂಬ ಅಡ್ಡಹೆಸರನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಚಪ್ಪಟೆ ಮುಚ್ಚಳ ಈಗ ನೆಲಮಾಳಿಗೆಯಲ್ಲಿ ಹಳೆಯ ಕಂಬಳಿ ಹೊದ್ದು ಗೋಡೆಗೊರಗಿದೆ, ಅದಕ್ಕೆ ಸರಿಯಾದ ಸ್ಟ್ರಟ್ ಅದರ ಜೊತೆಗೇ ಕಟ್ಟಿಟ್ಟಿದೆ.